ಎರಡು ಟ್ಯೂಬುಗಳ ಮೇಲಿನ ಕೆನೆ

ಈಗಲೂ ಫ್ರಿಜ್ಜಿನ ಬಾಗಿಲು ತೆಗೆಯುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಮನೆಯ ಫ್ರಿಜ್ಜಾದರೂ ಅಷ್ಟೆ. ಒಳಗೆ ಹಾಲಿನ ಪಾತ್ರೆ, ಕೊತ್ತಂಬರಿ ಸೊಪ್ಪು, ನಿನ್ನೆ ಮಿಕ್ಕ ಸಾರು ಬಿಟ್ಟರೆ ಇನ್ನೇನೂ ಇಲ್ಲವೆಂದು ಗೊತ್ತಿದ್ದರೂ ಕಣ್ಣು ಮೊದಲು ಹುಡುಕುವುದು ಮರದ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಂತಿದ್ದ ಆ ಎರಡು ಟ್ಯೂಬುಗಳನ್ನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ತುಮಕೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನನಗೆ ಪಾಠ ಹೇಳಿದ್ದ ಪ್ರೊಫೆಸರರು ಶ್ವಾಸಕೋಶದ ಕ್ಯಾನ್ಸರ್ ಆದವರ ರಕ್ತದ ಮೇಲೆ ಒಂದು ಅಧ್ಯಯನ ಶುರು ಮಾಡಿದ್ದರು. ಸ್ಯಾಂಪಲ್ ತರುವುದು, ಅಳೆಯುವುದು, ಬರೆದಿಡುವುದು ನನ್ನ ಕೆಲಸ. ಏನು ಅಳೆಯುತ್ತೀಯ ಎಂದು ಅಮ್ಮ ಕೇಳಿದಾಗ ನಾನು ಅಡುಗೆಮನೆಯದೇ ಉದಾಹರಣೆ ಕೊಟ್ಟಿದ್ದೆ. ಬಾಳೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಮಜ್ಜಿಗೆ ನೀರಿಗೆ ಹಾಕಿದರೆ ಆಗುವುದಿಲ್ಲ. ಹೊಗೆ, ಧೂಳು, ರೋಗ ಇವೆಲ್ಲ ಮೈಯನ್ನು ಒಳಗೇ ಹಾಗೆ ಕಪ್ಪಾಗಿಸಲು ನೋಡುತ್ತವೆ. ರಕ್ತದಲ್ಲಿ ಮಜ್ಜಿಗೆ ನೀರಿನ ಹಾಗೆ ಕಾಯುವ ಕೆಲವು ವಸ್ತುಗಳಿವೆ. ಅವಕ್ಕೆ ಆಂಟಿಆಕ್ಸಿಡೆಂಟ್ ಅನ್ನುತ್ತಾರೆ. ಅದರಲ್ಲಿ ಗ್ಲುಟಥಯೋನ್ ಅನ್ನುವುದು ಒಂದು. ರೋಗಿಗಳಲ್ಲಿ ಅದು ಎಷ್ಟು ಇಳಿದಿರುತ್ತದೆ ಅನ್ನುವುದು ನಮ್ಮ ಪ್ರಶ್ನೆ. ಅಮ್ಮ ಎಲ್ಲ ಕೇಳಿ, "ಇಳಿದಿದ್ರೆ ಏರಿಸ್ತೀರಾ?" ಅಂದಳು. ಇಲ್ಲಮ್ಮ, ಬರೀ ಅಳೆಯೋದು, ಅಂದೆ. "ಹಂಗಾದ್ರೆ ಅವರಿಗೇನು ಉಪಯೋಗ?"

ಪ್ರೊಫೆಸರರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ಈ ಕಾಯುವ ಶಕ್ತಿ ಎಲ್ಲ ಜನಾಂಗದವರಲ್ಲೂ ಒಂದೇ ಥರ ಇಳಿಯುತ್ತದೆಯೋ, ಅಥವಾ ಕೆಲವರಿಗೆ ಹುಟ್ಟಿನಿಂದಲೇ ಗಟ್ಟಿ ಇರುತ್ತದೆಯೋ? ಅದಕ್ಕಾಗಿ ಫಾರಂನಲ್ಲಿ ಜಾತಿ, ಮನೆಮಾತು ಬರೆಯುವ ಕಾಲಂ ಇತ್ತು. ಒಬ್ಬ ರೋಗಿಯ ರಕ್ತ ತಂದರೆ ಅದೇ ಮನೆಯ ಒಬ್ಬ ಆರೋಗ್ಯವಂತರ ರಕ್ತವನ್ನೂ ತರಬೇಕು, ಹೋಲಿಸಿ ನೋಡಲು.

ಮೊದಲು ಹೋಗಿದ್ದು ಕುಣಿಗಲ್ಲಿಗೆ, ಪೇಟೆಯಲ್ಲಿ ಮಿಷನ್ ಇಟ್ಟುಕೊಂಡಿದ್ದ ಒಬ್ಬ ಟೈಲರ ಮನೆಗೆ. ಕೆಮ್ಮಿನ ನಡುವೆಯೇ ಗುಂಡಿ ಹೊಲಿಯುತ್ತಿದ್ದ ಆತ ನನ್ನ ಫಾರಂ ನೋಡಿ ನಕ್ಕಿದ್ದ. "ಬರ್ಕಳಿ ಮೇಡಂ. ಈ ಕಾಲಂ ತುಂಬಿದ್ರೆ ಕೆಮ್ಮು ನಿಲ್ಲಂಗಿದ್ರೆ ಇನ್ನೆರಡು ಜಾತಿ ಸೇರಿಸಿ ಹೇಳ್ತೀನಿ." ಅವನ ಗ್ಲುಟಥಯೋನ್ ತೀರ ಇಳಿದಿತ್ತು. ಅವನ ಹೆಂಡತಿಯದು ಸರಿಯಾಗಿತ್ತು.

ಎರಡನೆಯ ಮನೆ ಗುಬ್ಬಿ ತಾಲೂಕಿನದು. ನಿಟ್ಟೂರಿನಿಂದ ಒಳಗೆ ಆಟೋದಲ್ಲಿ ಹೋಗುವಷ್ಟು ದೂರದ ಹಳ್ಳಿ. ಅಣ್ಣ ತಮ್ಮ ಇಬ್ಬರೂ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದವರು. ಗುಂಡಿಯಲ್ಲಿ ಚಿಪ್ಪು ತುಂಬಿ, ಬೆಂಕಿ ಕೊಟ್ಟು, ಮೇಲೆ ತಗಡು ಮುಚ್ಚಿ, ಸಂದಿಯಿಂದ ಬರುವ ಹಳದಿ ಹೊಗೆ ನೋಡುತ್ತ ದಿನಗಟ್ಟಲೆ ಪಕ್ಕದಲ್ಲೇ ಕೂರುವ ಕೆಲಸ. ಅಣ್ಣನಿಗೆ ಐವತ್ತೈದರ ಆಸುಪಾಸು. ಅದರ ಮೇಲೆ ಬೀಡಿ. ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದರು. ಒಂದು ಸಲ ಆಗಿತ್ತು, ಎರಡನೆಯದು ಮಾರನೆಯ ದಿನ ಇತ್ತು.

ಆ ಇಂಜೆಕ್ಷನ್ನಿನ ವಿಷಯ ಹೇಳಲೇಬೇಕು. ಅದು ಗಡ್ಡೆಯನ್ನು ಕೊಲ್ಲುವಾಗ ಮೈ ಕಾಯುವ ಬಿಳಿ ರಕ್ತಕಣಗಳನ್ನೂ ಕೊಲ್ಲುತ್ತದೆ. ಬಿಳಿ ಕಣ ಮತ್ತೆ ಏರಿದೆಯೇ ಎಂದು ಎಣಿಸಿ ನೋಡಿಯೇ ಮುಂದಿನದನ್ನು ಕೊಡಬೇಕು. ಏರದೆ ಇರುವವನಿಗೆ ಕೊಟ್ಟರೆ ಆಮೇಲೆ ಬರುವ ಒಂದು ಸಣ್ಣ ಜ್ವರವೇ ಸಾಕು. ಆ ಎಣಿಕೆಗಾಗಿ ರೋಗಿ ಒಂದು ದಿನ ಮೊದಲೇ ತುಮಕೂರಿಗೆ ಬಂದುಹೋಗಬೇಕಾಗಿತ್ತು. ನಾನು ಡಾಕ್ಟರ ಹತ್ತಿರ ಹೋಗಿ, ಹೇಗೂ ನಾನು ಅವರ ಮನೆಗೇ ಹೋಗುತ್ತೇನೆ, ಒಂದೇ ಸಲ ಚುಚ್ಚಿ ಎರಡು ಟ್ಯೂಬು ತರುತ್ತೇನೆ, ಒಂದು ನಿಮ್ಮ ಎಣಿಕೆಗೆ, ಒಂದು ನನ್ನ ಅಧ್ಯಯನಕ್ಕೆ, ಅಂದೆ. ಅವರು ಒಪ್ಪಿದರು. ಬಡವರಿಗೆ ಒಂದು ಓಡಾಟ ತಪ್ಪಿಸಿದೆ ಎಂದು ನನಗೆ ನನ್ನ ಮೇಲೇ ಪ್ರೀತಿ ಬಂದಿತ್ತು.

ನನ್ನ ಜೊತೆ ಬಂದವರು ಕುಣಿಗಲ್ ಕಡೆಯ ಒಬ್ಬ ನರ್ಸು. ಐವತ್ತು ದಾಟಿದವರು, ನಾನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಸೂಜಿ ಅವರದು, ಐಸ್ ತುಂಬಿದ ಡಬ್ಬ ಮತ್ತು ಫಾರಂ ನನ್ನದು. ಮನೆ ತಲುಪಿದಾಗ ಹತ್ತು ಗಂಟೆ. ಅಣ್ಣ ಒಳಗೆ ಕಂಬಳಿ ಹೊದ್ದು ಮಲಗಿದ್ದ, ಬಾಗಿಲಿನಿಂದ ಕಾಲು ಮಾತ್ರ ಕಾಣುತ್ತಿತ್ತು. ಅವರ ತಾಯಿ ಹಜಾರದಲ್ಲಿ ಕೂತು ನನ್ನನ್ನೇ ನೋಡಿದರು.

"ಇನ್ನೂ ರಕ್ತ ತಗೀತೀಯಾ ಮಗಾ? ಓದ್ಸಲ ತಗ್ದಾಗ ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ಕಣ್ಕತ್ಲೆ ಬಂದು ಬಿದ್ದವ್ನೆ. ಅವ್ನ ಮೈಯಾಗೆ ಏನೈತೆ ಅಂತ ತಗೀತೀಯ?"

"ಸ್ವಲ್ಪಾನೇ ಅಜ್ಜಿ. ಎರಡು ಚಮಚ."

"ಯಾತಕ್ಕೆ?"

ಇಲ್ಲಿ ನಾನು ಹೇಳಿದ ಮಾತನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಅಜ್ಜಿಯ ಮುಖ ನೋಡಿ, ಹೆದರದಿರಲಿ ಎಂದು, ಬೇಗ ಮುಗಿಯಲಿ ಎಂದೂ, "ಇದು ಓದಿನ ಕೆಲಸಕ್ಕೆ ಅಜ್ಜಿ, ಏನೂ ಭಯ ಇಲ್ಲ" ಅಂದೆ. ಒಂದು ಟ್ಯೂಬು ಡಾಕ್ಟರಿಗೆ ಹೋಗುತ್ತದೆ, ಅದರ ಮೇಲೆ ನಾಳೆಯ ಇಂಜೆಕ್ಷನ್ ನಿಂತಿದೆ ಎಂದು ಹೇಳಲಿಲ್ಲ. ಸಿಸ್ಟರಿಗೂ ಹೇಳಿರಲಿಲ್ಲ. ಅವರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಸಿಸ್ಟರ್ ಟ್ಯೂಬು ತೆಗೆದುಕೊಂಡು ಒಳಗೆ ಹೋದರು. ಹೋಲಿಕೆಗೆ ರಕ್ತ ಕೊಡಬೇಕಿದ್ದ ತಮ್ಮ ಹಿಂದೆಯೇ ಹೋದ. ಅಜ್ಜಿಯೂ ಎದ್ದು ಹೋಗಿ ಏನೋ ಮೆತ್ತಗೆ ಹೇಳಿ ಮತ್ತೆ ಬಂದು ಕೂತರು. ನಾನು ಹಜಾರದಲ್ಲೇ ಫಾರಂ ಬಿಚ್ಚಿದೆ. ಜಾತಿಯ ಕಾಲಂ ಬಂದಾಗ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾತ ಬಾಯಿ ಹಾಕಿದ.

"ಅಜ್ಜಿ, ರಿಸರ್ವೇಷನ್ನಾ ಕೇಳು. ಜಾತಿ ಬರ್ಕಂತಾವ್ರೆ."

"ನೆತ್ರಕ್ಕೂ ಜಾತಿ ಐತಾ ಮಗಾ?" ಅಜ್ಜಿ ನಿಜವಾಗಿಯೇ ಕೇಳಿದರು.

"ಅದನ್ನೇ ನೋಡ್ತಾ ಇದೀವಿ ಅಜ್ಜಿ."

"ನೋಡಿ ಏಳು. ನಮ್ಮ ಮನೆಯೋರು ಯಾವತ್ತೂ ಗಟ್ಟಿ. ನಮ್ಮತ್ತೆ ತೊಂಬತ್ತು ವರ್ಷ ಬಾಳಿದ್ಲು, ಒಂದು ಹಲ್ಲು ಬಿದ್ದಿರ್ನಿಲ್ಲ."

ಪಕ್ಕದ ಮನೆಯಾತ, "ಬಿದ್ದಿದ್ರೆ ನಿನ್ನ ಕಚ್ಚಕ್ಕೆ ಆಯ್ತಿರ್ನಿಲ್ಲ ಬುಡು" ಅಂದ. ಎಲ್ಲರೂ ನಕ್ಕೆವು. ಆ ಜಾತಿ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಆ ದಿನ ನಾನು ಮಾಡಿದ್ದನ್ನೇ ಮಾಡುತ್ತಾರೆ.

ಕೊನೆಯ ಕಾಲಂ, ಯಾವಾಗ ಏನು ತಿಂದಿದ್ದು ಎಂಬುದು. ಅಣ್ಣನದನ್ನು ಅಜ್ಜಿ ಹೇಳಿದರು: ಮೂರು ದಿನದಿಂದ ಗಂಜಿ ತಿಳಿ, ಅದೂ ಎರಡು ಲೋಟ. ತಮ್ಮ ಹೊರಗೆ ಬಂದು ತೋಳು ಮಡಚಿ ಹತ್ತಿ ಒತ್ತಿಕೊಂಡು ತನ್ನದನ್ನು ತಾನೇ ಹೇಳಿದ. ಹಿಂದಿನ ದಿನ ಪಕ್ಕದೂರಲ್ಲಿ ಬೀಗರೂಟ ಇತ್ತು, ಮನೆಗೆ ಕಳಿಸಿದ್ದ ಮಟನ್ ಸಾರಿಗೆ ಬೆಳಿಗ್ಗೆ ಎರಡು ಮುದ್ದೆ ಉಂಡಿದ್ದ. ಎರಡನ್ನೂ ಒಂದರ ಕೆಳಗೆ ಒಂದು ಬರೆದುಕೊಂಡೆ. ಸಿಸ್ಟರ್ ಟ್ಯೂಬುಗಳಿಗೆ ಚೀಟಿ ಅಂಟಿಸಿ ಕೊಟ್ಟರು, ಐಸಿನಲ್ಲಿಟ್ಟೆ. ಅವರು ಆಟೋದಲ್ಲಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಬಿಸಿಲಿಗೆ ಸುಸ್ತಾಗಿದ್ದಾರೆ ಎಂದುಕೊಂಡೆ.

ಮಧ್ಯಾಹ್ನ ಲ್ಯಾಬಿನಲ್ಲಿ ಗ್ಲುಟಥಯೋನ್ ಅಳೆದೆ. ಅಣ್ಣ ತಮ್ಮ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಮತ್ತೆ ಅಳೆದೆ. ಮತ್ತೆ ಅದೇ. ಹಿಮೋಗ್ಲೋಬಿನ್ ಕೂಡ ಪಾಯಿಂಟಿಗೆ ಪಾಯಿಂಟ್ ಸರಿ. ಬೇರೆ ಯಾರಾದರೂ ಆಗಿದ್ದರೆ ಇಲ್ಲೇ ನಿಂತು ಯೋಚಿಸುತ್ತಿದ್ದರು. ನನಗೆ ಬಂದದ್ದು ಸಂತೋಷ. ಕುಣಿಗಲ್ಲಿನ ಟೈಲರಲ್ಲಿ ಅಷ್ಟು ಇಳಿದದ್ದು ಈ ಮನುಷ್ಯನಲ್ಲಿ ಇಳಿದೇ ಇಲ್ಲ. ಜಾತಿ ಬೇರೆ, ಮನೆಮಾತು ಬೇರೆ, ಹಾಗಾದರೆ ರಕ್ತವೂ ಬೇರೆ. ಅಜ್ಜಿ ಹೇಳಿದ ಹಲ್ಲು ಬೀಳದ ಅತ್ತೆ ಕೂಡ ನೆನಪಾದಳು. ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಪಕ್ಕ ಕೆಂಪು ಪೆನ್ನಿನಲ್ಲಿ 'ವಿಶೇಷ' ಎಂದು ಬರೆದು ಎರಡು ಗೆರೆ ಎಳೆದೆ. ಪ್ರೊಫೆಸರರಿಗೆ ಫೋನ್ ಮಾಡಿದೆ. "ಒಂದೇ ಮನೆ ನೋಡಿ ಏನೂ ಹೇಳೋಕಾಗಲ್ಲಮ್ಮ" ಅಂದರು. ಆದರೆ ಅವರ ದನಿಯಲ್ಲೂ ಆಸೆ ಇತ್ತು. ಅಷ್ಟರಲ್ಲಿ ನಮ್ಮ ಹಿರಿಯ ಟೆಕ್ನೀಶಿಯನ್ನರು ಅಣ್ಣನ ಇನ್ನೊಂದು ಟ್ಯೂಬಿನ ಬಿಳಿ ಕಣ ಎಣಿಸಿ, ಎಲ್ಲ ನಾರ್ಮಲ್ ಎಂದು ನರ್ಸಿಂಗ್ ಹೋಮಿಗೆ ತಿಳಿಸಿದ್ದರು. ಸಂಜೆ ಕರೆಂಟು ಹೋಯಿತು. ಟ್ಯೂಬುಗಳನ್ನು ಮಿಷನ್ನಿನಲ್ಲಿ ತಿರುಗಿಸಿ ಮೇಲಿನ ನೀರು ಬೇರೆ ಮಾಡಬೇಕಿತ್ತು, ನಾಳೆ ಮಾಡಿದರಾಯಿತು ಎಂದು ಹಾಗೇ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದೆ. ಅವತ್ತು ಕರೆಂಟು ಹೋಗದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಮೊದಲೇ ಕಾಣುತ್ತಿತ್ತೋ, ಅಥವಾ ನಾನು ಆ ಸಂತೋಷದಲ್ಲಿ ಕಂಡರೂ ನೋಡುತ್ತಿರಲಿಲ್ಲವೋ.

ಬೆಳಿಗ್ಗೆ ಒಂಬತ್ತೂವರೆಗೆ ಫ್ರಿಜ್ಜು ತೆಗೆದೆ. ಅಲ್ಲಾಡಿಸದೆ ಇಟ್ಟ ರಕ್ತ ಒಂದು ರಾತ್ರಿಯಲ್ಲಿ ತಾನೇ ಕೆಳಗಿಳಿದಿರುತ್ತದೆ, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ತಮ್ಮನ ಟ್ಯೂಬಿನಲ್ಲಿ ಆ ನೀರಿನ ಮೇಲೆ ಬೆಳ್ಳಗೆ ಒಂದು ಪದರ, ಕಾಯಿಸಿದ ಹಾಲಿನ ಕೆನೆಯ ಹಾಗೆ. ಮಟನ್ ಸಾರು, ಎಂದು ಮನಸ್ಸಿನಲ್ಲೇ ನಕ್ಕೆ. ಕೊಬ್ಬು ಉಂಡು ಸ್ವಲ್ಪ ಹೊತ್ತಿಗೆ ರಕ್ತ ತೆಗೆದರೆ ಹಾಗೇ ಆಗುತ್ತದೆ. ಆಮೇಲೆ ಪಕ್ಕದ ಟ್ಯೂಬು ನೋಡಿದೆ. ಅದರ ಮೇಲೂ ಅಷ್ಟೇ ದಪ್ಪದ ಕೆನೆ.

ಮೂರು ದಿನದಿಂದ ಗಂಜಿ ತಿಳಿ ಕುಡಿದವನ ರಕ್ತದಲ್ಲಿ ಕೆನೆ ಕಟ್ಟುವುದಿಲ್ಲ.

ಎಷ್ಟು ಹೊತ್ತು ಆ ಬಾಗಿಲು ಹಿಡಿದು ನಿಂತಿದ್ದೆನೋ. ಒಂದು ನಿಮಿಷವೂ ಇರಲಾರದು. ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ, ಎಂಗೇಜ್. ಮತ್ತೆ ಎಂಗೇಜ್. ಅಣ್ಣ ತಮ್ಮ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದಿಳಿದಿರುತ್ತಾರೆ, ಡ್ರಿಪ್ ಹಾಕುವ ಹೊತ್ತು. ಲೂನಾ ತೆಗೆದೆ. ಬಿ.ಎಚ್. ರಸ್ತೆಯಲ್ಲಿ ತೆಂಗಿನಕಾಯಿ ಲಾರಿಯೊಂದು ಅಡ್ಡ ನಿಂತು ಹಿಂದೆ ಬಸ್ಸುಗಳು ಸಾಲುಗಟ್ಟಿದ್ದವು. ಫುಟ್‌ಪಾತಿನ ಮೇಲೆ ಹತ್ತಿಸಿದೆ. ಹೂವಿನವಳು ಬೈದಳು. ಈಗಲೂ ನನಗೆ ಆ ರಸ್ತೆ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಲಾರಿ ಸರಿಯುವುದೇ ಇಲ್ಲ.

ವಾರ್ಡಿನಲ್ಲಿ ಅಣ್ಣ ಕಿಟಕಿ ಪಕ್ಕದ ಮಂಚದ ಮೇಲಿದ್ದ. ಅವನನ್ನು ನಾನು ಪೂರ್ತಿ ನೋಡಿದ್ದು ಅದೇ ಮೊದಲು. ಕೆನ್ನೆ ಒಳಗೆ ಹೋಗಿತ್ತು, ಉಗುರುಗಳು ಸುಣ್ಣದ ಬಣ್ಣ. ಕೈಗೆ ಡ್ರಿಪ್ ಹತ್ತಿತ್ತು, ಇನ್ನೂ ಬರೀ ಸಲೈನ್. ಪಕ್ಕದ ಟ್ರೇಯಲ್ಲಿ ಬಟ್ಟೆ ಮುಚ್ಚಿದ ಸಿರಿಂಜು. ಅಲ್ಲಿನ ನರ್ಸು ಬಟ್ಟೆ ತೆಗೆದಳು. ಒಳಗಿನ ಔಷಧ ಕೆಂಪಗೆ, ಶರಬತ್ತಿನ ಹಾಗೆ ಕೆಂಪಗೆ ಇತ್ತು.

"ಕೊಡಬೇಡಿ" ಅಂದೆ. ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಪಕ್ಕದ ಕೋಣೆಯಿಂದ ಡಾಕ್ಟರು ಬಂದರು.

"ಏನಮ್ಮ ಇದು? ಕೌಂಟ್ ಸರಿ ಇದೆ ಅಂತ ನಿಮ್ಮ ಲ್ಯಾಬೇ ಹೇಳಿದ್ದು."

"ಅದು ಇವರ ರಕ್ತ ಅಲ್ಲ ಸಾರ್. ಮಟನ್ ಉಂಡವರ ರಕ್ತ."

ತಮ್ಮ ಮಂಚದ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದ. ಅಣ್ಣನ ಚಪ್ಪಲಿಯನ್ನು ಕವರಿನಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ಅವನ ಕಡೆ ತಿರುಗಿದೆ. ನಿನ್ನೆ ಅಣ್ಣನ ರಕ್ತ ಯಾರು ಕೊಟ್ಟಿದ್ದು, ಎಂದು ಕೇಳಿದೆ. ಅವನು ಕವರನ್ನೇ ನೋಡಿದ.

"ನಾನೇ ಕೊಟ್ಟೆ."

"ಎಲ್ಲಾನೂ?"

"ಎಲ್ಲಾನೂವೆ. ಅಣ್ಣನ ಮೈಯಾಗೆ ಏನೂ ಉಳ್ದಿಲ್ಲ ಮೇಡಂ. ಓದಿಗೆ ಅಂದ್ರಲ್ಲ. ನಂದಾದ್ರೇನು, ಅವನ್ದಾದ್ರೇನು ಅಂತ..." ಅವನು ಅಲ್ಲಿಗೆ ನಿಲ್ಲಿಸಿದ. ಆಮೇಲೆ ಸಿಸ್ಟರನ್ನು ಬಚಾವು ಮಾಡುವಂತೆ, "ಸಿಸ್ಟ್ರಮ್ಮಂದು ತಪ್ಪಿಲ್ಲ, ನಮ್ಮವ್ವ ಕೈ ಮುಗ್ದ್ಲು" ಅಂದ.

ಅಜ್ಜಿ ಆಮೇಲೆ ಹೇಳಿದಂತೆ, ಅವನು ರೇಷನ್ ಕ್ಯೂನಲ್ಲಿ ಅಣ್ಣನ ಬದಲು ನಿಂತವನು, ಹೊಗೆಯ ಗುಂಡಿ ಹತ್ತಿರ ಅಣ್ಣ ಕೆಮ್ಮಿದಾಗ ಎಬ್ಬಿಸಿ ಕಳಿಸಿ ತಾನು ಕೂತವನು. ಇದೂ ಅವನಿಗೆ ಅಂಥದ್ದೇ ಒಂದು ಕೆಲಸ. ಅಣ್ಣನ ಪಾಲಿನ ಕಷ್ಟ ತಾನು ಹೊತ್ತರೆ ತಪ್ಪೇನು?

ಡಾಕ್ಟರು ಸಿರಿಂಜನ್ನು ತಾವೇ ಎತ್ತಿ ದೂರದ ಮೇಜಿನ ಮೇಲಿಟ್ಟರು. ಮಂಚದ ಮೇಲಿಂದ ಅಣ್ಣ ತಲೆ ಎತ್ತದೆಯೇ ಅಂದ:

"ಲೇ, ನಾಳೆ ನಾನು ಸಾಯಾಗ್ಲೂವೆ ನೀನೇ ಓಯ್ತೀಯೇನ್ಲಾ ಬದ್ಲಿಗೆ?"

ಕವರಿನ ಗಂಟನ್ನು ತಮ್ಮ ಬಿಚ್ಚಿದ, ಮತ್ತೆ ಕಟ್ಟಿದ.

"ಓಗು, ಒಂದ್ ಟೀ ಕುಡ್ಕಂಬಾ. ನಿನ್ನೆ ಅಷ್ಟ್ ರಕ್ತ ಕೊಟ್ಟಿದೀಯ." ಹಾಗೆಂದು ಅಣ್ಣ ಡ್ರಿಪ್ ಇಲ್ಲದ ಕೈಯನ್ನು ನನ್ನ ಕಡೆ ಚಾಚಿದ. "ತಗಳವ್ವ. ಏನಾದ್ರೂ ಮಿಕ್ಕಿದ್ರೆ ತಗ."

ನಾನೇ ತೆಗೆದೆ. ನರ ಸಿಗಲಿಲ್ಲ, ಎರಡು ಸಲ ಚುಚ್ಚಬೇಕಾಯಿತು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಒಂದು ಗಂಟೆಯ ಮೇಲೆ ಎಣಿಕೆ ಬಂತು. ಬಿಳಿ ಕಣ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಡಾಕ್ಟರು ಚೀಟಿ ನೋಡಿ, ಮಡಚಿ, ಜೇಬಿಗೆ ಹಾಕಿಕೊಂಡರು. "ಕೊಟ್ಟಿದ್ರೆ ಈ ವಾರ ದಾಟ್ತಿರಲಿಲ್ಲ" ಅಂದರು. ನನಗೋ, ತಮಗೇ ಹೇಳಿಕೊಂಡರೋ. ಇನ್ನು ಮೇಲೆ ರೋಗಿ ನನ್ನ ಮುಂದೆ ಕೂತೇ ರಕ್ತ ಕೊಡಬೇಕು, ಅಂದರು. ಇಂಜೆಕ್ಷನ್ ಎರಡು ವಾರ ಮುಂದಕ್ಕೆ ಹೋಯಿತು.

ಸಿಸ್ಟರ ಮೇಲೆ ನನಗೆ ತುಂಬ ಕೋಪ ಬಂದಿತ್ತು. ಸಂಜೆ ಲ್ಯಾಬಿಗೆ ಬಂದರು, ಅಷ್ಟು ಹೊತ್ತಿಗೆ ವಿಷಯ ಗೊತ್ತಾಗಿತ್ತು. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಜೋರಾಗಿಯೇ ಕೇಳಿದೆ, ಹೇಗೆ ಮಾಡಿದಿರಿ ಇದನ್ನ, ಅಂತ.

"ಓದಿಗೆ ಅಂತ ಹೇಳಿದ್ದು ನೀನು ತಾನೇ ಕಣೇ" ಅಂದರು. "ಆ ಮುದುಕಿ ನನ್ನ ಕಾಲು ಮುಟ್ಟೋಕೆ ಬಂದ್ಲು. ಓದಿಗೆ ತಾನೇ ಅಂದ್ಕೊಂಡೆ. ನನ್ನ ಸರ್ವೀಸಲ್ಲಿ ಇಂಥದ್ದು ಮಾಡಿರಲಿಲ್ಲ" ಅಂದರು. ನನ್ನ ಕೋಪ ಎಲ್ಲಿಗೆ ಹೋಯಿತೋ. ಇಬ್ಬರೂ ಕೂತು ಒಂದೇ ಫ್ಲಾಸ್ಕಿನ ಕಾಫಿ ಕುಡಿದೆವು.

ಆ ದಿನ ನಾನು ತೆಗೆದ ಅಣ್ಣನ ರಕ್ತದಲ್ಲಿ ಒಂದು ಪಾಲು ಉಳಿದಿತ್ತು, ಅದನ್ನು ಅಳೆದೆ. ಗ್ಲುಟಥಯೋನ್ ಕುಣಿಗಲ್ಲಿನ ಟೈಲರಷ್ಟೇ ಇಳಿದಿತ್ತು. ಬೇರೆ ಜಾತಿ, ಬೇರೆ ಮನೆಮಾತು, ಒಬ್ಬ ಬಟ್ಟೆ ಹೊಲಿಯುವವನು, ಒಬ್ಬ ಚಿಪ್ಪು ಸುಡುವವನು, ಪೇಪರಿನ ಮೇಲೆ ಎರಡು ಸಂಖ್ಯೆ ಪಕ್ಕಪಕ್ಕದಲ್ಲಿ ಅಣ್ಣತಮ್ಮಂದಿರ ಹಾಗೆ ಕೂತಿದ್ದವು. ಎರಡೇ ಮನೆ ನೋಡಿ ಇದನ್ನೂ ಸಿದ್ಧಾಂತ ಮಾಡಬಾರದು, ನನಗೆ ಗೊತ್ತು. ಜನಾಂಗಗಳ ನಡುವೆ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುವುದಿಲ್ಲ; ತಿಳಿದವರು ಹುಡುಕಲಿ. ನಾನು ಕಂಡೆನೆಂದುಕೊಂಡ ವ್ಯತ್ಯಾಸ ಮಾತ್ರ ಒಬ್ಬ ತಮ್ಮನ ತೋಳಿನಿಂದ ಬಂದದ್ದಾಗಿತ್ತು. 'ವಿಶೇಷ' ಎಂದು ಬರೆದ ಹಾಳೆ ಹರಿಯಲು ಹೋಗಿ, ಹರಿಯಲಿಲ್ಲ. ಅದು ಇನ್ನೂ ನನ್ನ ಹತ್ತಿರ ಇದೆ.

ಮುಂದಿನ ವಾರ ಆ ಹಳ್ಳಿಗೆ ಒಬ್ಬಳೇ ಹೋದೆ. ಸೂಜಿ ಒಯ್ಯಲಿಲ್ಲ. ಅಜ್ಜಿಯ ಮುಂದೆ ಖಾಲಿ ಟ್ಯೂಬುಗಳನ್ನು ಇಟ್ಟು, ಯಾವುದು ಎಲ್ಲಿಗೆ ಹೋಗುತ್ತದೆ, ಯಾತಕ್ಕೆ, ಎಂದು ಮೊದಲೇ ಹೇಳಬೇಕಾಗಿದ್ದುದನ್ನು ಹೇಳಿದೆ. ರಕ್ತ ಮತ್ತೆ ಊರುತ್ತದೆ, ಬಾವಿಯ ನೀರಿನ ಹಾಗೆ, ಅಂದೆ. ಅಜ್ಜಿ ಎಲ್ಲ ಕೇಳಿ ಒಂದು ಟ್ಯೂಬು ಕೈಗೆತ್ತಿಕೊಂಡರು. "ನಾನೇ ನನ್ ಮಗನ್ನ ಕೊಂದಾಕ್ತಿದ್ನಲ್ಲ ಮಗಾ" ಅಂದರು. ನಾನು, ಹಾಗಾಗಿದ್ದರೆ ಕೊಂದವಳು ನಾನು ಅಜ್ಜಿ, ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಂಡರು. ಅಣ್ಣ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ. "ಅಳ್ಬೇಡ ಬುಡವ್ವ, ಬದುಕಿವ್ನಲ್ಲ" ಅಂದ.

ಅವನು ಇನ್ನೊಂದು ವರ್ಷಕ್ಕೆ ಸ್ವಲ್ಪ ಕಡಿಮೆ ಬದುಕಿದ. ಆ ವರ್ಷದಲ್ಲಿ ಅವನ ಮಗಳಿಗೆ ಹೆಣ್ಣುಮಗು ಆಯಿತೆಂದು, ಅದನ್ನು ಎತ್ತಿಕೊಂಡೇ ದಿನ ಕಳೆಯುತ್ತಿದ್ದನೆಂದು ನರ್ಸಿಂಗ್ ಹೋಮಿನಲ್ಲಿ ಯಾರೋ ಹೇಳಿದರು.

ಆಮೇಲೆ ನಾನು ಕ್ಯಾತ್ಸಂದ್ರದ ಹತ್ತಿರ ಇನ್ನೊಂದು ಲ್ಯಾಬಿಗೆ ಸೇರಿದೆ. ಎರಡು ಸಾವಿರದ ದಶಕ ಅರ್ಧ ಕಳೆದಿತ್ತು. ಯಾರೇ ಬಂದು ಕೂತರೂ, ದಿನಾ ನೋಡುವ ಹಾಸ್ಟೆಲ್ ವಾರ್ಡನ್ನೇ ಆದರೂ, ಅವರ ಬಾಯಿಂದ ಅವರ ಹೆಸರು ಹೇಳಿಸದೆ ನಾನು ಸೂಜಿ ಹಿಡಿಯುವುದಿಲ್ಲ. ಮೇಡಮ್ಮಿಗೆ ಮರೆವು ಎಂದು ನಗುತ್ತಾರೆ. ಒಂದು ಬೆಳಿಗ್ಗೆ ತಲೆ ಬೆಳ್ಳಗಾದ ಒಬ್ಬಾತ ಬಂದು ಕೂತು ಅಂಗಿಯ ತೋಳು ಮಡಚಿದ. ಎರಡು ತಿಂಗಳಿಂದ ಕೆಮ್ಮು ಎಂದು ಚೀಟಿಯಲ್ಲಿ ಬರೆದಿತ್ತು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಆದರೂ ಕೇಳಿದೆ, ಹೆಸರು ಹೇಳಿ, ಅಂತ.

ತಮ್ಮ ತನ್ನ ಹೆಸರು ಹೇಳಿದ. ಆಮೇಲೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ತೋಳನ್ನು ಇನ್ನಷ್ಟು ಮುಂದಕ್ಕೆ ಚಾಚಿದ.

"ಇವತ್ತು ನಂದೇ ಕಣ್ ಮೇಡಂ" ಅಂದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."